3478ನೆಯ ಕಿಂಡಿ

ಬಡಗಣ ಕನ್ನಡ ನಾಡಿನ ಊರುಗಳನ್ನು ಬಲ್ಲವರಿಗೆ ಅಗಸಿ ಎಂದರೇನೆಂದು ಹೇಳಬೇಕಾಗಿಲ್ಲ. ಅರಿಯದ ವಾಚಕರಿಗಾಗಿ ಎರಡು ಮಾತು. ಅಗಸಿಯೆಂದರೆ ಊರಿನ ತಲೆಬಾಗಿಲು. ಊರ ಗೋಡೆ ಎಂದೋ ಬಿದ್ದು, ಅದರ ಕಲ್ಲುಗಳು ಯಾರಯಾರದೋ ಹಿತ್ತಿಲ ಪೌಳಿಯಾಗಿ, ಕದದ ಹಲಗೆಗಳು ಯಾರ ಮನೆಯ ಅಟ್ಟಕ್ಕೋ ಏರಿಹೋದ ಮೇಲೂ ಜನ ‘ಅಗಸೀ ಹತ್ರ ನಿಂದ್ರು, ಬರ್ತೀನಿ’ ಎನ್ನುವುದನ್ನು ಬಿಟ್ಟಿಲ್ಲ. ಕದವಿದ್ದ ಕಾಲದಲ್ಲಿ ಆ ದೊಡ್ಡ ಕದದೊಳಗೇ ಒಂದು ಚಿಕ್ಕ ಕದವಿರುತ್ತಿದ್ದಿತು. ಅದಕ್ಕೆ ದಿಡ್ಡಿ ಎಂದು ಹೆಸರು. ಹೊತ್ತು ಮುಳುಗಿದ ಮೇಲೆ ದೊಡ್ಡ ಕದ ಮುಚ್ಚುವರು. ಸಂತೆಯಿಂದ ತಡವಾಗಿ ಬಂದವನು ದಿಡ್ಡಿಯ ಮುಂದೆ ನಿಂತು ಕೂಗಬೇಕು; ಒಳಗಿನಿಂದ ತಳವಾರ ಕಂದೀಲು ಎತ್ತಿ ಹಿಡಿದು ‘ಯಾರವಾ? ಯಾರ ಪೈಕಿ?’ ಎಂದು ಕೇಳಿ, ಗುರುತು ಹತ್ತಿದರೆ ತೆಗೆಯಬೇಕು. ತೆಗೆದರೂ ತಲೆ ತಗ್ಗಿಸದೆ ಒಳಗೆ ಬರುವಂತಿಲ್ಲ.

ಈ ತಳವಾರನ ಕೆಲಸವನ್ನು ಈಗ ಒಂದು ಕರಿಯ ಡಬ್ಬಿ ಮಾಡುತ್ತದೆ. ನಾನು ಪಾಠ ಹೇಳುವ ಕಾಲೇಜಿನಲ್ಲಿ ಅದು ಪ್ರಾಚಾರ್ಯರ ಕೋಣೆಯ ಮೂಲೆಯಲ್ಲಿ, ಬೀಗ ಹಾಕಿದ ಗೂಡಿನೊಳಗೆ ಕುಳಿತಿದೆ. ಗಾತ್ರದಲ್ಲಿ ಕಿಟೆಲ್ ಸಾಹೇಬರ ನಿಘಂಟಿನಷ್ಟು. ಮುಖದ ಮೇಲೆ ನಾಲ್ಕೈದು ಹಸಿರು ದೀಪಗಳು ಮಿಣುಕುತ್ತವೆ. ಕಾಲೇಜಿನ ಗಣಕಯಂತ್ರಗಳಿಂದ ಹೊರಗೆ ಹೋಗುವ ಮಾತೂ ಹೊರಗಿನಿಂದ ಒಳಗೆ ಬರುವ ಮಾತೂ ಅದರ ಕಣ್ಣ ಮುಂದೆಯೇ ಹಾದುಹೋಗಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಫೈರ್‌ವಾಲ್ ಎಂದು ಹೆಸರು.

ಕನ್ನಡ ಪಾಠ ಹೇಳುವವರಿಗೆ ಒಂದು ಚಟವುಂಟು. ಹೊಸ ಪದಾರ್ಥ ಕಣ್ಣಿಗೆ ಬಿದ್ದೊಡನೆ, ಅದು ಏನು ಮಾಡುತ್ತದೆ ಎಂದು ಕೇಳುವ ಮೊದಲೇ, ಅದಕ್ಕೆ ಕನ್ನಡದಲ್ಲಿ ಏನೆನ್ನೋಣ ಎಂದು ಯೋಚಿಸುವುದು. ನನ್ನ ವಿದ್ಯಾರ್ಥಿಗಳು ‘ಬೆಂಕಿಗೋಡೆ’ ಎಂದರು. ಕೇಳಿದರೆ ಬೆಂಕಿಯಿಂದಲೇ ಕಟ್ಟಿದ ಗೋಡೆಯೆಂದು ತೋರುತ್ತದೆ. ನಿಜದಲ್ಲಿ ಅದು ಬೆಂಕಿಯನ್ನು ತಡೆಯುವ ಗೋಡೆ. ಒಂದು ಮನೆಗೆ ಹತ್ತಿದ ಉರಿ ನೆರೆಮನೆಗೆ ಹಬ್ಬದಿರಲೆಂದು ನಡುವೆ ಎಬ್ಬಿಸುವ ದಪ್ಪ ಗೋಡೆಗೆ ಇಂಗ್ಲಿಷರು ಇಟ್ಟ ಹೆಸರನ್ನೇ ಯಂತ್ರಶಾಸ್ತ್ರದವರು ಎರವಲು ಪಡೆದರು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ಅಮೆರಿಕದ ವಿದ್ಯಾರ್ಥಿಯೊಬ್ಬ ಹೊರಬಿಟ್ಟ ಒಂದು ‘ಹುಳು’ ಒಂದೇ ರಾತ್ರಿಯಲ್ಲಿ ಸಾವಿರಾರು ಯಂತ್ರಗಳನ್ನು ಸ್ತಬ್ಧವಾಗಿಸಿತು. ಆ ತನಕ ಅಂತರ್ಜಾಲದ ಮಂದಿ ಕದವಿಲ್ಲದ ಮನೆಗಳಲ್ಲಿ ನಿಶ್ಚಿಂತೆಯಿಂದ ಇದ್ದವರು. ಆಮೇಲೆ ಎಲ್ಲರೂ ಗೋಡೆಗೆ ಕಲ್ಲು ತರಲು ಓಡಿದರು.

ಗೋಡೆಯ ಮಾತು ಹೇಗೋ ಆಯಿತು. ತೊಡಕು ಬಂದುದು ಪೋರ್ಟ್ ಎಂಬ ಶಬ್ದದಲ್ಲಿ. ನಿಘಂಟು ತೆಗೆದರೆ ‘ಬಂದರು’ ಎನ್ನುತ್ತದೆ. ನಾನಿರುವುದು ಮೋಟೆಬೆನ್ನೂರಿನಲ್ಲಿ. ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ, ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ, ಬ್ಯಾಡಗಿಗೆ ತಿರುಗುವಲ್ಲಿ ಇರುವ ಊರು. ಗಾಂಧೀಜಿಯವರೊಡನೆ 1930ರಲ್ಲಿ ದಂಡಿಗೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರ ಊರು. ಇಲ್ಲಿ ಮೆಣಸಿನಕಾಯಿ ಹೇರಿದ ಲಾರಿಗಳು ಬಂದುಹೋಗುತ್ತವೆಯೇ ಹೊರತು ಹಡಗುಗಳಲ್ಲ. ಲ್ಯಾಟಿನ್ ಭಾಷೆಯಲ್ಲಿ ಪೋರ್ಟಸ್ ಎಂದರೆ ಬಂದರು, ಪೋರ್ಟಾ ಎಂದರೆ ಬಾಗಿಲು. ಇಂಗ್ಲಿಷಿಗೆ ಬರುವಷ್ಟರಲ್ಲಿ ಎರಡೂ ಸವೆದು ಒಂದೇ ಆಗಿವೆ. ನಮಗೆ ಬೇಕಾದುದು ಎರಡನೆಯದು. ಆದರೆ ಒಂದು ಯಂತ್ರಕ್ಕೆ ಇಂಥ ಬಾಗಿಲುಗಳು ಸೊನ್ನೆಯಿಂದ ಮೊದಲಾಗಿ 65,535ರ ವರೆಗೆ ಇರುತ್ತವೆಯಂತೆ. ಅಷ್ಟು ಬಾಗಿಲಿನ ಮನೆಯನ್ನು ಯಾವ ಸಾಹುಕಾರನೂ ಕಟ್ಟಿಸಿಲ್ಲ. ಹೀಗಾಗಿ ನಾನು ‘ಕಿಂಡಿ’ ಎಂಬ ಮಾತನ್ನು ಹಿಡಿದುಕೊಂಡೆ. ಕಾಗಿನೆಲೆ ನಮ್ಮ ತಾಲೂಕಿನದೇ. ಕನಕದಾಸರ ನೆಲದವರಿಗೆ ಕಿಂಡಿಯೆಂದರೆ ಉಡುಪಿಯ ನೆನಪು ಬಾರದೆ ಇರುವುದಿಲ್ಲ. ಒಳಗೆ ಬಿಡದವರು ಬಿಡದೆ ಇದ್ದರು. ಒಳಗಿದ್ದವನೇ ಹೊರಳಿ ನಿಂತು ಗೋಡೆ ಬಿರುಕು ಬಿಟ್ಟಿತು ಎಂಬುದು ಪ್ರತೀತಿ. ಫೈರ್‌ವಾಲಿನಲ್ಲಿ ಇಂಥ ಒಂದು ಅಲ್ಪ ತೆರವು ಮಾಡುವುದಕ್ಕೆ ಇಂಜಿನಿಯರರು ಕೂಡ ಸೂಜಿರಂಧ್ರ ಎಂಬ ಅರ್ಥದ ಮಾತನ್ನೇ ಬಳಸುತ್ತಾರೆಂದು ಆಮೇಲೆ ತಿಳಿಯಿತು. ನನಗೆ ಸ್ವಲ್ಪ ಸಂತೋಷವೂ ಆಯಿತು.

ಇನ್ನು ಪ್ರೋಟೋಕಾಲ್. ಗ್ರೀಕರಲ್ಲಿ ಅದು ಸುರುಳಿ ಹೊತ್ತಿಗೆಯ ಮೊದಲಿಗೆ ಅಂಟಿಸುತ್ತಿದ್ದ ಹಾಳೆಯ ಹೆಸರಾಗಿದ್ದಿತು. ನಮ್ಮ ಸರಕಾರಿ ಕಚೇರಿಗಳಲ್ಲಿ ಮಂತ್ರಿಗಳಿಗೆ ಯಾರು ಮೊದಲು ಹಾರ ಹಾಕಬೇಕೆಂಬ ಶಿಷ್ಟಾಚಾರವಾಗಿದೆ. ಯಂತ್ರಗಳಲ್ಲಿ ಅದು ಮಾತುಕತೆಯ ರಿವಾಜು. ಇದರ ವಿಚಾರ ಮುಂದೆ ಬರುತ್ತದೆ.

ಈ ಶಬ್ದವಿಲಾಸಕ್ಕೆ ನಾನು ಇಷ್ಟು ಹೊತ್ತು ಕೊಡುವಂತೆ ಮಾಡಿದವಳು ಒಬ್ಬ ವಿದ್ಯಾರ್ಥಿನಿ. ಅವಳು ವಿಜ್ಞಾನ ಶಾಖೆಯವಳು, ನನ್ನಲ್ಲಿ ಕನ್ನಡವನ್ನಷ್ಟೇ ಓದಿದವಳು. ರಾಣೆಬೆನ್ನೂರಿನ ಸುತ್ತಿನ ಹೊಲಗಳಲ್ಲಿ ತರಕಾರಿಯ ಮಿಶ್ರತಳಿ ಬೀಜ ಬೆಳೆಸುತ್ತಾರೆ. ಅದು ಬಹಳ ಕೈಗೆಲಸದ ಬೇಸಾಯ. ಸಂಜೆ ಮೊಗ್ಗು ಬಿಡಿಸಿ ಕೇಸರಗಳನ್ನು ಚಿಮಟದಿಂದ ಕೀಳಬೇಕು. ಮರುದಿನ ಮುಂಜಾನೆ ಬೇರೆ ಸಾಲಿನ ಗಂಡುಹೂವಿನ ಪರಾಗವನ್ನು ತಂದು ಮುಟ್ಟಿಸಬೇಕು. ಗುರುತಿಗೆ ದಾರ ಕಟ್ಟಬೇಕು. ಇದಕ್ಕೆ ಜನ ‘ಕ್ರಾಸಿಂಗ್’ ಎಂದೇ ಹೇಳುತ್ತಾರೆ. ಹುಡುಗಿ ಐದನೆಯ ಇಯತ್ತೆಯಿಂದ ತಾಯಿಯೊಡನೆ ಕೂಲಿಗೆ ಹೋಗಿ ಈ ಕೆಲಸ ಮಾಡಿದವಳು. ಬೀಜಶಾಸ್ತ್ರವನ್ನೇ ಮುಂದೆ ಓದಬೇಕೆಂದು ದೂರದ ಒಂದು ಸಂಸ್ಥೆಗೆ ಅರ್ಜಿ ಹಾಕಿದಳು. ಲಿಖಿತ ಪರೀಕ್ಷೆಯಲ್ಲಿ ದಾಟಿದಳು. ಸಂದರ್ಶನ ಮಾತ್ರ ಉಳಿದಿದ್ದಿತು. ಅದು ದೃಶ್ಯಸಂವಾದದ ಮೂಲಕ ನಡೆಯತಕ್ಕದ್ದೆಂದೂ, ಮೊಬೈಲು ಸಲ್ಲದೆಂದೂ, ತಂತಿಯಿಂದ ಜೋಡಿಸಿದ ಗಣಕಯಂತ್ರದ ಮುಂದೆ ಕುಳಿತಿರಬೇಕೆಂದೂ ಪತ್ರ ಬಂದಿತು. ಇದು 2024ರ ಮೇ ತಿಂಗಳ ಮಾತು. ಅವಳ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ಲು ಸಿಗಬೇಕಾದರೆ ಮಾಳಿಗೆ ಹತ್ತಬೇಕು. ಗಣಕಯಂತ್ರದ ಮಾತೇ ಇಲ್ಲ. ‘ಕಾಲೇಜಿನೊಳಗ ವ್ಯವಸ್ಥಾ ಮಾಡಿಕೊಡ್ತೀರೇನ್ರಿ ಸರ?’ ಎಂದು ಕೇಳಿದಳು. ಗಣಕಶಾಸ್ತ್ರದ ಅಧ್ಯಾಪಕರು ಬೇಸಿಗೆಯ ರಜೆಯಲ್ಲಿ ಊರಲ್ಲಿರಲಿಲ್ಲ. ಕಾಲೇಜಿನಲ್ಲಿ ಸಿಕ್ಕವನು ನಾನೊಬ್ಬನೇ.

ದೂರದಿಂದ ಪಾಠ ಬರುವುದು ನಮ್ಮ ಕಡೆಗೆ ಹೊಸದಲ್ಲ. 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಪಗ್ರಹ ಮೇಲೇರಿದಾಗ ಅದನ್ನು ಪ್ರಯೋಗಕ್ಕೆ ಮೊದಲು ಬಳಸಿಕೊಂಡವರಲ್ಲಿ ನಮ್ಮ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಆದರೆ ಪಾಠ ಕೇಳುವುದು ಬೇರೆ, ಪ್ರಶ್ನೆಗೆ ಎದುರಾಗಿ ಉತ್ತರ ಕೊಡುವುದು ಬೇರೆ. ಪಾಠವಾದರೆ ನಡುವೆ ಎರಡು ವಾಕ್ಯ ಹಾರಿಹೋದರೂ ನಡೆಯುತ್ತದೆ. ಸಂದರ್ಶನದಲ್ಲಿ ಒಂದು ‘ಅಲ್ಲ’ ಹಾರಿಹೋದರೆ ಅರ್ಥವೇ ತಲೆಕೆಳಗು.

ಎರಡು ದಿನ ಮುಂಚಿತವಾಗಿ ತಾಲೀಮು ಮಾಡಿ ನೋಡಿದೆವು. ಈ ಯಂತ್ರಗಳನ್ನು ನೋಡಿಕೊಳ್ಳುವ ತರುಣನೊಬ್ಬ ರಾಣೆಬೆನ್ನೂರಿನಿಂದ ಮೋಟರ್ ಸೈಕಲ್ಲಿನ ಮೇಲೆ ಬಂದ. ಅವನ ಗೆಳೆಯ ರಾಣೆಬೆನ್ನೂರಿನಲ್ಲೇ ಕುಳಿತು ಸಂದರ್ಶಕನ ಪಾತ್ರ ವಹಿಸಿದ. ಕರೆ ಹತ್ತಿತು, ಹೆಸರು ಕಾಣಿಸಿತು, ಮುಖವೂ ಬಂದಿತು. ನಾವು ‘ಆತು ಬಿಡಪಾ’ ಎನ್ನುವಷ್ಟರಲ್ಲಿ ಆ ಮುಖ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಟ್ಟಿತು. ‘ನ...’ ಎಂದಿತು; ಮೂರು ಉಸಿರಿನಷ್ಟು ಹೊತ್ತಾದ ಮೇಲೆ ‘...ಸ್ಕಾರ್ರಿ’ ಎಂದಿತು. ಆಮೇಲೆ ಹಿಂದೆ ಉಳಿದ ಮಾತುಗಳೆಲ್ಲ ಕುರಿಹಿಂಡಿನಂತೆ ಒಮ್ಮೆಲೆ ನುಗ್ಗಿ ಬಂದು ಒಂದರ ಮೇಲೊಂದು ಬಿದ್ದವು. ಹುಡುಗಿಯ ಮುಖ ಸಣ್ಣದಾಯಿತು. ತರುಣ ಮಾತ್ರ ಖುಷಿಯಿಂದ ತಲೆಯಾಡಿಸಿದ. ವೈದ್ಯನಿಗೆ ಪುಸ್ತಕದಲ್ಲಿ ಓದಿದ ರೋಗವೇ ಎದುರಿಗೆ ಬಂದಾಗ ಆಗುವ ಖುಷಿ ಅದು.

‘ತಂತಿ ಚೊಲೋ ಐತ್ರಿ ಸರ್ರ. ಕಿಂಡಿ ಮುಚ್ಯಾರ್ರಿ’ ಎಂದ. ಕಿಂಡಿ ಎಂಬ ನನ್ನ ಮಾತನ್ನು ಅವನು ಅದಾಗಲೇ ತನ್ನದಾಗಿಸಿಕೊಂಡಿದ್ದ.

ಆಗ ಅವನು ಹೇಳಿದುದನ್ನು ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ. ಯಂತ್ರಗಳು ಒಂದಕ್ಕೊಂದು ಸುದ್ದಿ ಕಳಿಸುವುದಕ್ಕೆ ಮುಖ್ಯವಾಗಿ ಎರಡು ರಿವಾಜುಗಳಿವೆ. ಒಂದು ಟಿಸಿಪಿ. ಇದು ರಿಜಿಸ್ಟರ್ ಟಪಾಲಿನಂತೆ. ಮೊದಲು ‘ಕಳಿಸಲೇ?’ ಎಂದು ಕೇಳುವುದು, ‘ಕಳಿಸು’ ಎಂದು ಉತ್ತರ ಪಡೆಯುವುದು, ಆಮೇಲೆ ಚೂರುಚೂರಾಗಿ ಕಳಿಸಿ ಪ್ರತಿ ಚೂರಿಗೂ ರಸೀತಿ ತೆಗೆದುಕೊಳ್ಳುವುದು. ಏಳನೆಯ ಚೂರು ದಾರಿಯಲ್ಲಿ ಕಳೆದರೆ, ಎಂಟು ಒಂಬತ್ತು ಹತ್ತು ಬಂದು ಬಾಗಿಲಲ್ಲಿ ನಿಂತಿದ್ದರೂ, ಏಳನೆಯದನ್ನು ಮತ್ತೆ ತರಿಸಿಕೊಂಡಲ್ಲದೆ ಅವುಗಳನ್ನು ಒಳಗೆ ಬಿಡುವುದಿಲ್ಲ. ಪತ್ರಕ್ಕೆ, ಅಂಕಪಟ್ಟಿಗೆ, ಬ್ಯಾಂಕಿನ ಲೆಕ್ಕಕ್ಕೆ ಇದೇ ಯೋಗ್ಯ. ಇನ್ನೊಂದು ಯುಡಿಪಿ. 1980ರ ಆಗಸ್ಟ್ 28ರಂದು ಜಾನ್ ಪೋಸ್ಟೆಲ್ ಎಂಬಾತ ಇದರ ನಿಯಮಗಳನ್ನು ಬರೆದ. ಒಟ್ಟು ಮೂರೇ ಪುಟ. (ನಮ್ಮ ವಿಮರ್ಶಕರು ಗಮನಿಸಬೇಕಾದ ಸಂಗತಿ.) ಇದರಲ್ಲಿ ರಸೀತಿ ಇಲ್ಲ, ಅಪ್ಪಣೆ ಇಲ್ಲ, ಕಳೆದುದನ್ನು ಹುಡುಕುವುದಿಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವಂತೆ ಕೂಗಿಬಿಡುವುದು. ಗಾಳಿಗೆ ಒಂದು ಅಕ್ಷರ ಹಾರಿಹೋದರೆ ಹೋಯಿತು. ಕೇಳುವವನು ಅದನ್ನು ತಾನೇ ತುಂಬಿಕೊಳ್ಳುತ್ತಾನೆ.

ಮನುಷ್ಯರ ಮಾತಿಗೆ ಒಗ್ಗುವುದು ಈ ಎರಡನೆಯ ರಿವಾಜೇ. ದೃಶ್ಯಸಂವಾದದಲ್ಲಿ ನಮ್ಮ ಧ್ವನಿಯನ್ನು ಸಾಮಾನ್ಯವಾಗಿ ಒಂದು ಸೆಕೆಂಡಿಗೆ 50 ಚೂರುಗಳಂತೆ ಕತ್ತರಿಸಿ ಕಳಿಸುತ್ತಾರೆ. ಒಂದೊಂದು ಚೂರೂ ಒಂದು ಅಕ್ಷರಕ್ಕಿಂತ ಚಿಕ್ಕದು. ಒಂದೆರಡು ಬಿದ್ದುಹೋದರೆ ಕಿವಿಗೆ ತಿಳಿಯುವುದೇ ಇಲ್ಲ. ಆದರೆ ತಡವಾದರೆ ತಿಳಿಯುತ್ತದೆ. ಬಾಯಿಂದ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಮಾತುಕತೆ ಸರಾಗವಾಗಿರುತ್ತದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಬಹು ಹಿಂದೆಯೇ ಹೇಳಿದೆ. ಅದಕ್ಕಿಂತ ಬಹಳ ಮೀರಿದರೆ ಇಬ್ಬರೂ ಒಮ್ಮೆಲೆ ಮಾತಾಡಿ, ಇಬ್ಬರೂ ಒಮ್ಮೆಲೆ ನಿಲ್ಲಿಸಿ, ಹೊಸ ಬೀಗರಂತೆ ‘ನೀವು ಹೇಳ್ರಿ, ಇಲ್ಲ ನೀವು ಹೇಳ್ರಿ’ ಎನ್ನತೊಡಗುತ್ತಾರೆ.

ನಮ್ಮ ಕರಿಯ ಡಬ್ಬಿಯಲ್ಲಿ ಯಾರೋ ಎರಡೇ ದಾರಿಗಳನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಮುಚ್ಚಿದ್ದರು: 80 ಮತ್ತು 443ನೆಯ ಕಿಂಡಿಗಳು, ಅವೂ ರಿಜಿಸ್ಟರ್ ಟಪಾಲಿಗೆ ಮಾತ್ರ. ಹುಡುಗರು ಕಾಲೇಜಿನ ಖರ್ಚಿನಲ್ಲಿ ಕ್ರಿಕೆಟ್ ನೋಡುತ್ತಾರೆಂಬ ದೂರು ಬಂದಾಗ ಮಾಡಿದ ವ್ಯವಸ್ಥೆಯಂತೆ ಅದು. ಕೂಗುಮಾತಿನ ದಾರಿಯೇ ಇಲ್ಲವಾದಾಗ ಈ ಸಂವಾದದ ತಂತ್ರಾಂಶಗಳು ಪಾಪ, ಸುಮ್ಮನಾಗುವುದಿಲ್ಲ. ಮಾತನ್ನೂ ಚಿತ್ರವನ್ನೂ ಮಡಚಿ 443ರಲ್ಲಿ ತುರುಕಿ ರಿಜಿಸ್ಟರ್ ಮಾಡಿ ಕಳಿಸುತ್ತವೆ. ಹೀಗಾಗಿಯೇ ಕರೆ ಹತ್ತಿತು, ಮುಖ ಬಂದಿತು, ಮಾತು ಬರಲಿಲ್ಲ. ಪೂರಾ ಕೆಟ್ಟಿದ್ದರೆ ಒಳ್ಳೆಯದಿತ್ತು ಎಂದ ತರುಣ. ಅರ್ಧ ನಡೆಯುವುದರಿಂದಲೇ ಜನ ತಂತಿಯನ್ನು, ಮಳೆಯನ್ನು, ಬೇರೆಯವರ ಹಣೆಬರಹವನ್ನು ಬಯ್ದುಕೊಳ್ಳುತ್ತ ವರ್ಷಗಟ್ಟಲೆ ಕೂರುತ್ತಾರೆ.

ಯಾವ ಕಿಂಡಿ ಬೇಕೆಂಬುದನ್ನು ಆಯಾ ತಂತ್ರಾಂಶದವರು ಅಚ್ಚುಹಾಕಿ ತಿಳಿಸಿರುತ್ತಾರೆ. ಜೂಮ್‌ನವರಿಗೆ 8801ರಿಂದ 8810, ಗೂಗಲ್ ಮೀಟ್‌ನವರಿಗೆ 19302ರಿಂದ 19309, ಟೀಮ್ಸ್‌ನವರಿಗೆ 3478ರಿಂದ 3481. ಗೊತ್ತುಗುರಿಯಿಲ್ಲದ ಅಂಕಿಗಳೆಂದು ತೋರಿದರೂ ನನಗೆ ಒಂದು ವಿಶೇಷ ಕಾಣಿಸಿತು: 3478 ಎಂಬುದು ಮೂವರ ಪಟ್ಟಿಯಲ್ಲೂ ಇದೆ. ಅದೇಕೆಂದು ಕೇಳಿದೆ. ಉತ್ತರ ಕೇಳಿ ಬಹಳ ಹೊತ್ತು ಯೋಚನೆಗೆ ಬಿದ್ದೆ.

ಗೋಡೆಯ ಒಳಗಿರುವ ಯಂತ್ರಗಳಿಗೆ ತಮ್ಮತಮ್ಮೊಳಗಿನ ಮನೆನಂಬರು ಗೊತ್ತಿರುತ್ತದೆ. ಹೊರಗಿನ ಜಗತ್ತಿಗೆ ಆ ನಂಬರು ಕಾಣುವುದಿಲ್ಲ. ಒಳಗಿನ ಇಡೀ ಊರಿಗೆ ಸೇರಿ ಹೊರಗೆ ಒಂದೇ ವಿಳಾಸ. ‘ಇಲ್ಲಿಗೆ ಉತ್ತರ ಕಳಿಸಿ’ ಎಂದು ಹೇಳಬೇಕಾದರೆ ತಾನು ಹೊರಗಿನವರಿಗೆ ಹೇಗೆ ಕಾಣುತ್ತೇನೆಂಬುದು ಯಂತ್ರಕ್ಕೆ ತಿಳಿದಿರಬೇಕು, ಅದು ಅದಕ್ಕೆ ತಿಳಿಯದು. ಆದ್ದರಿಂದ ಮೊದಲು 3478ನೆಯ ಕಿಂಡಿಯ ಕಡೆಗೆ ಒಂದು ಕೂಗು ಹಾಕಿ, ಹೊರಗೆ ದೂರದಲ್ಲಿರುವ ಒಬ್ಬ ಮಧ್ಯಸ್ಥನನ್ನು ಕೇಳುತ್ತದೆ: ‘ಅಯ್ಯಾ, ಅಲ್ಲಿಂದ ನಾನು ಯಾರ ಹಾಗೆ ಕಾಣುತ್ತೇನೆ?’ ಅವನು ಕಂಡ ವಿಳಾಸವನ್ನು ಹೇಳುತ್ತಾನೆ. ಆ ವಿಳಾಸವನ್ನು ಹಿಡಿದುಕೊಂಡು ಮಾತುಕತೆಗೆ ಹೊರಡುವುದು. ನೇರ ದಾರಿ ಸಿಗದಿದ್ದರೆ ಆ ಮಧ್ಯಸ್ಥನೇ ಇಬ್ಬರ ಮಾತನ್ನೂ ಕೈಯಿಂದ ಕೈಗೆ ದಾಟಿಸಲೂಬಹುದು. ನಲವತ್ತು ದಾಟಿದ ಅಧ್ಯಾಪಕರಲ್ಲಿ ಎಷ್ಟು ಜನ ಈ ಪ್ರಶ್ನೆಯನ್ನು ಯಾರನ್ನಾದರೂ ಕೇಳಿದ್ದೇವೆ? ಇರಲಿ.

ಕಿಂಡಿ ತೆಗೆಯಬೇಕೆಂದರೆ ಡಬ್ಬಿಯ ಗುಪ್ತಪದ ಬೇಕು. ಅದನ್ನು ಬಲ್ಲವರು ವರ್ಗವಾಗಿ ಮಲೆನಾಡಿನ ಕಡೆ ಹೋಗಿದ್ದರು. ಸೂಪರಿಂಟೆಂಡೆಂಟರು ‘ಅರ್ಜಿ ಬರಲಿ, ಟಿಪ್ಪಣಿ ಹೋಗಲಿ’ ಎಂದರು. ಅರ್ಜಿ ಬರೆದೆ, ಟಿಪ್ಪಣಿ ಹೋಯಿತು, ಫೋನೂ ಹೋಯಿತು. ಒಂದು ದಿನ ಅಲ್ಲಿಗೆ ಮುಗಿಯಿತು. ಮರುದಿನ ಪ್ರಾಚಾರ್ಯರ ಕೋಣೆಯಲ್ಲಿ ಪಂಚಾಯಿತಿ ಕೂಡಿತು. ಪ್ರಾಚಾರ್ಯರು ಉದಾರಿಗಳು. ‘ಒಂದೊಂದು ಕಿಂಡಿ ಯಾಕ? ನಾಳೆ ಎರಡು ತಾಸು ಎಲ್ಲಾ ತೆಗೆದುಬಿಡ್ರಿ. ಹುಡುಗೀ ಕೆಲಸ ಆಗಲಿ’ ಎಂದರು.

ತರುಣ ಕುರ್ಚಿಯಿಂದ ಎದ್ದೇ ನಿಂತ. ‘ಹಂಗ ಮಾಡಬ್ಯಾಡ್ರಿ ಸರ. ಮದವೀ ಮುಗಿಯೂಮಟಾ ಅಗಸೀ ಕದಾ ಕಿತ್ತಿಡೂದು ಸಸಾರ ಐತ್ರಿ. ಆಮ್ಯಾಲೆ ಹಚ್ಚಾವ್ರು ಯಾರ್ರಿ? ಇದರಾಗ ಪರೀಕ್ಷಾ ಮಾರ್ಕ್ಸೂ ಅದಾವು, ಫೀ ಲೆಕ್ಕಾನೂ ಐತಿ.’

ಸೂಪರಿಂಟೆಂಡೆಂಟರು ಇದನ್ನೇ ಹಿಡಿದು, ಹಾಗಾದರೆ ಏನನ್ನೂ ತೆಗೆಯುವುದೇ ಬೇಡ, ಹುಡುಗಿ ಹುಬ್ಬಳ್ಳಿಗೆ ಹೋಗಿ ಎಲ್ಲಾದರೂ ಬಾಡಿಗೆಗೆ ಕುಳಿತು ಮಾತಾಡಲಿ ಎಂದರು. ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಈ ದೊಡ್ಡವರ ಮಾತಿನಲ್ಲಿ ಬಾಯಿ ಹಾಕುವುದೋ ಬೇಡವೋ ಎಂದು ನೋಡಿ, ನನ್ನ ಕಡೆ ತಿರುಗಿ, ‘ಇದು ನಮ್ಮ ಹೂವಿನ ಕೆಲಸ ಇದ್ದಂಗ ಐತ್ರಿ ಸರ. ಎಲ್ಲಾ ಪರಾಗಾ ಬರಲಿ ಅಂದ್ರ ಬೀಜಾ ಕೆಡತೈತಿ. ಯಾವದೂ ಬ್ಯಾಡ ಅಂದ್ರ ಕಾಯೀನ ಕಟ್ಟಂಗಿಲ್ಲ. ಬೇಕಾದ್ದ ಒಂದು ಮುಟ್ಟಿಸಿ ದಾರಾ ಕಟ್ಟತೀವ್ರಿ’ ಎಂದಳು. ಪ್ರಾಚಾರ್ಯರು ಸಸ್ಯಶಾಸ್ತ್ರದವರು. ನಕ್ಕುಬಿಟ್ಟರು. ‘ದಾರಾ ಕಟ್ರಿ ಹಂಗಾರ’ ಎಂದು ಅಪ್ಪಣೆಯಾಯಿತು.

ಅವನು ದಾರ ಕಟ್ಟಿದ ರೀತಿಯನ್ನು ಹೇಳಬೇಕು, ಏಕೆಂದರೆ ಕೆಲಸದ ಚೆಲುವು ಅಲ್ಲಿಯೇ ಇದೆ. ಇಡೀ ಕಾಲೇಜಿಗೆ ಕಿಂಡಿ ತೆಗೆಯಲಿಲ್ಲ. ಹುಡುಗಿ ಕುಳಿತುಕೊಳ್ಳುವ ಒಂದು ಯಂತ್ರಕ್ಕೆ ಮಾತ್ರ. ಎಲ್ಲ ಕಿಂಡಿಗಳನ್ನು ತೆಗೆಯಲಿಲ್ಲ. 3478 ಮತ್ತು ಆ ಸಂಸ್ಥೆಯವರು ಬಳಸುವ ತಂತ್ರಾಂಶಕ್ಕೆ ಬೇಕಾದ ಒಂದು ಗುಂಪು, ಅದೂ ಯುಡಿಪಿಗೆ ಮಾತ್ರ. ಎಲ್ಲಕ್ಕಿಂತ ಮಿಗಿಲಾಗಿ, ಒಳಗಿನಿಂದ ಹೊರಕ್ಕೆ ಮಾತ್ರ. ಇಲ್ಲಿ ನನಗೆ ಸಂಶಯ ಬಂದಿತು: ಹೊರಗಿನಿಂದ ಒಳಗೆ ಕಿಂಡಿಯೇ ಇಲ್ಲದಿದ್ದರೆ ಸಂದರ್ಶಕರ ಮಾತು ಬರುವುದೆಂತು? ಅದಕ್ಕೆ ಉತ್ತರ ನಮ್ಮ ತಳವಾರನಲ್ಲಿದೆ. ಮುಂಜಾನೆ ಹೊಲಕ್ಕೆ ಹೋದವರ ಮುಖ ಅವನಿಗೆ ನೆನಪಿರುತ್ತದೆ. ಸಂಜೆ ಅವರು ತಿರುಗಿ ಬಂದಾಗ ಯಾರ ಪೈಕಿಯೆಂದು ಕೇಳುವುದಿಲ್ಲ. ಈ ಡಬ್ಬಿಯೂ ಹಾಗೆಯೇ. ಒಳಗಿನಿಂದ ಯಾರು ಎಲ್ಲಿಗೆ ಕೂಗಿದರೆಂದು ಬರೆದಿಟ್ಟುಕೊಂಡು, ಅಲ್ಲಿಂದಲೇ ಬಂದ ಉತ್ತರವನ್ನಷ್ಟೇ ಒಳಗೆ ಬಿಡುತ್ತದೆ. ಯುಡಿಪಿಯ ವಿಷಯದಲ್ಲಿ ಅದರ ನೆನಪು ಕೆಲವು ಸೆಕೆಂಡುಗಳದು, ಹೆಚ್ಚೆಂದರೆ ಕೆಲವು ನಿಮಿಷಗಳದು. ಮಾತು ನಿಂತರೆ ಮರೆತು ಕಿಂಡಿ ಮುಚ್ಚುತ್ತದೆ. ಅದಕ್ಕೇ ಈ ತಂತ್ರಾಂಶಗಳು ನಾವು ಸುಮ್ಮನಿದ್ದಾಗಲೂ ಒಳಗೊಳಗೇ ‘ಇದ್ದೀನಿ, ಇದ್ದೀನಿ’ ಎನ್ನುತ್ತಿರುತ್ತವೆ.

ಪ್ರತಿಯೊಂದು ನಿಯಮದ ಮುಂದೆ ಕಾರಣ ಬರೆಯಲು ಒಂದು ಖಾಲಿ ಜಾಗವಿದ್ದಿತು. ‘ನೀವಽ ಬರೀರಿ ಸರ್ರ, ಕನ್ನಡ ಮಾಸ್ತರು’ ಎಂದ. ಕನ್ನಡದಲ್ಲಿ ಬರೆದೆ. ಡಬ್ಬಿ ಅದನ್ನು ಏಳೆಂಟು ಪ್ರಶ್ನಚಿಹ್ನೆಗಳಾಗಿ ಮಾಡಿ ತೋರಿಸಿತು. ಇಂಗ್ಲಿಷ್ ಲಿಪಿಯಲ್ಲಿ ಬರೆದುದಾಯಿತು. ಈ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ತಿಳಿಯಾಗಿಲ್ಲ.

ತರುಣನ ಎಚ್ಚರ ಅತಿಯೆಂದು ಯಾರೂ ಹೇಳಬಾರದು. ಆದರೆ ಕಿಂಡಿಗಳನ್ನು ಇಷ್ಟು ನೋಡಿ ತೆಗೆದ ಮಾತ್ರಕ್ಕೆ ಎಲ್ಲ ಭಯವೂ ಕಳೆಯಿತೆಂದೂ ಅಲ್ಲ. 2023ರ ಡಿಸೆಂಬರ್ ಮೊದಲ ವಾರದಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಕಲಾಪಕ್ಕೆ ಜೂಮ್ ಮೂಲಕ ಯಾರೋ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ಚಿತ್ರ ತೋರಿಸಿದರು. ಬೆಂಗಳೂರು, ಧಾರವಾಡ, ಕಲಬುರ್ಗಿ ಮೂರೂ ಪೀಠಗಳ ದೃಶ್ಯಸಂವಾದವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಆ ಮಹಾಶಯರು ಗೋಡೆ ಒಡೆದು ಬಂದವರಲ್ಲ. ಎಲ್ಲರಿಗೂ ತೆರೆದ ಬಾಗಿಲಿನಿಂದ, ಕಕ್ಷಿದಾರರ ಹಾಗೆಯೇ ಬಂದವರು. ಫೈರ್‌ವಾಲ್ ನೋಡುವುದು ಕಿಂಡಿಯ ಸಂಖ್ಯೆಯನ್ನು, ಮಾತಿನ ರಿವಾಜನ್ನು; ಬಂದವನ ಸ್ವಭಾವವನ್ನಲ್ಲ. ಅದನ್ನು ನೋಡಲು ಒಳಗೆ ಪಡಸಾಲೆಯಲ್ಲಿ ಒಬ್ಬರು ಕೂತಿರಬೇಕು. ಈ ಸಭೆಗಳಲ್ಲಿ ಬಂದವರನ್ನು ಒಂದು ಗಳಿಗೆ ಹೊರಗೆ ಕೂರಿಸಿ, ಹೆಸರು ಕೇಳಿ, ಆಮೇಲೆ ಒಳಗೆ ಕರೆಯುವ ಏರ್ಪಾಡು ಇರುವುದು ಅದಕ್ಕೇ. ಈ ನ್ಯಾಯಾಲಯದ ಸಂಗತಿಯನ್ನು ಎತ್ತಿಕೊಂಡು ‘ಎಲ್ಲ ಮುಚ್ಚಿರಿ’ ಎಂದು ವಾದಿಸಿದವರನ್ನು ನಾನು ಕೇಳಿದ್ದೇನೆ. ಅವರು ಧಾರವಾಡದ ಪೀಠಕ್ಕೆ ಹೋಗಿಬರಲು ಬಸ್ಸಿನ ಖರ್ಚು ಎಣಿಸಿದವರಲ್ಲ.

ಸಂದರ್ಶನದ ದಿನ ಮುಂಜಾನೆ ಹನ್ನೊಂದಕ್ಕೆ ಹುಡುಗಿಯನ್ನು ಯಂತ್ರದ ಮುಂದೆ ಕೂರಿಸಿ, ಕೋಣೆಯಲ್ಲಿ ಮತ್ತೊಬ್ಬರು ಇರಕೂಡದೆಂಬ ನಿಯಮವಿದ್ದುದರಿಂದ, ನಾನೂ ತರುಣನೂ ಹೊರಗೆ ವರಾಂಡದ ಬೆಂಚಿನ ಮೇಲೆ ಕುಳಿತೆವು. ಪ್ರಶ್ನೆಗಳು ನಮಗೆ ಕೇಳಿಸುತ್ತಿರಲಿಲ್ಲ, ಅವಳು ಕಿವಿಗೆ ಹಾಕಿಕೊಂಡಿದ್ದಳು. ಅವಳ ಉತ್ತರಗಳಷ್ಟೇ ಕಿಟಕಿಯಿಂದ ಬರುತ್ತಿದ್ದವು. ಇಂಗ್ಲಿಷಿನಲ್ಲಿ ಮೊದಲು ತಡವರಿಸಿದಳು. ಒಮ್ಮೆ ಮಾತು ನಿಂತಿತು. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ‘ಕಿಂಡಿ?’ ಎಂದು ತರುಣನ ಮುಖ ನೋಡಿದೆ. ಅವನು ತನ್ನ ಮೊಬೈಲಿನಲ್ಲಿ ಡಬ್ಬಿಯ ಲೆಕ್ಕ ನೋಡಿ, ‘ಇಲ್ರಿ, ಹರೀಲಿಕ್ಕತ್ತೈತಿ. ಆಕೀ ವಿಚಾರ ಮಾಡಾಕತ್ತಾಳ್ರಿ’ ಎಂದ. ನಿಜ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಮಾತು ಹೊರಟಿತು. ಟೊಮೇಟೊ ಮೊಗ್ಗನ್ನು ಯಾವ ಸಂಜೆ ಬಿಡಿಸಬೇಕು, ಒಂದು ದಿನ ತಡವಾದರೆ ಅದು ತನ್ನಷ್ಟಕ್ಕೆ ತಾನೇ ಹೇಗೆ ಪರಾಗ ಹೊಂದಿಬಿಡುತ್ತದೆ ಎಂದು ಅವಳು ಹೇಳತೊಡಗಿದಳು. ಆಗ ಅವಳ ಇಂಗ್ಲಿಷಿನಲ್ಲಿ ತಡವರಿಕೆ ಇರಲಿಲ್ಲ. ಇಪ್ಪತ್ತೈದು ನಿಮಿಷವಾದ ಮೇಲೆ ಹೊರಗೆ ಬಂದು, ‘ಎಲ್ಲಾ ಕೇಳಿಸ್ತ್ರಿ ಸರ. ಒಬ್ಬರು ನಕ್ಕದ್ದೂ ಕೇಳಿಸ್ತು’ ಎಂದಳು. ಆಮೇಲೆ ಅತ್ತಿತ್ತ ನೋಡಿ, ‘ಅಪ್ಪ ಎಲ್ಲಿ ಅದಾನ್ರಿ?’ ಎಂದಳು.

ಅವಳ ತಂದೆ ಹತ್ತು ಗಂಟೆಗೇ ಬಂದು ಕಾಲೇಜಿನ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತಿದ್ದ. ಗುರುತಿನ ಚೀಟಿ ಇಲ್ಲದವರನ್ನು ಬಿಡಬಾರದೆಂದು ಕಾವಲಿನವನಿಗೆ ಕಟ್ಟಪ್ಪಣೆ. ನಾನು ಹೋಗಿ, ‘ಯಜಮಾನ್ರ, ಒಳಗ ಬರಬೇಕಿಲ್ರಿ, ನನ್ನ ಹೆಸರು ಹೇಳಬೇಕಿಲ್ರಿ’ ಎಂದೆ. ‘ಇರಲಿ ಬಿಡ್ರಿ ಸಾಹೇಬ್ರ. ಆಕೀ ಒಳಗ ಹ್ವಾದಳಲ್ಲ’ ಎಂದ.

ಜೂನಿನಲ್ಲಿ ಆಯ್ಕೆಯ ಪಟ್ಟಿ ಬಂದಿತು. ಅವಳ ಹೆಸರು ಅದರಲ್ಲಿದ್ದಿತು. ತೀರ ಮೇಲೆಯೂ ಅಲ್ಲ, ತೀರ ಕೆಳಗೂ ಅಲ್ಲ. ತರುಣ ತಾನು ಕಟ್ಟಿದ ದಾರವನ್ನು ಬಿಚ್ಚಲು ಬಂದಾಗ ರಸಾಯನಶಾಸ್ತ್ರದವರು ತಮ್ಮ ಇಬ್ಬರು ವಿದ್ಯಾರ್ಥಿಗಳಿಗೂ ಸಂದರ್ಶನವಿದೆಯೆಂದು ತಡೆದರು. ನಿಯಮವನ್ನು ಬೇರೊಂದು ಯಂತ್ರಕ್ಕೆ ಬದಲಿಸಿ, ಕಾರಣದ ಜಾಗದಲ್ಲಿ ಹೊಸ ಕಾರಣ ಬರೆದು, ತಾರೀಖು ಹಾಕಿದ. ಈಗ ಸೂಪರಿಂಟೆಂಡೆಂಟರೇ ಇದಕ್ಕೆ ಒಂದು ದಪ್ಪ ರಿಜಿಸ್ಟರು ಇಟ್ಟಿದ್ದಾರೆ. ಯಾವ ಕಿಂಡಿ, ಯಾರಿಗೆ, ಎಂದಿನಿಂದ ಎಂದಿನ ತನಕ ಎಂದು ಅದರಲ್ಲಿ ಗೆರೆ ಎಳೆದು ಬರೆಯುತ್ತಾರೆ. ಅದರಲ್ಲಿ ಕನ್ನಡ ಬರೆಯಬಹುದು.

ಹುಡುಗಿ ಆಗಸ್ಟಿನಲ್ಲಿ ಹೊರಟುಹೋದಳು. ಮೊದಲ ವಾರದಲ್ಲೇ ಫೋನು ಬಂದಿತು. ವಸತಿಗೃಹದ ಕೋಣೆಯಿಂದ ಅವ್ವನೊಡನೆ ಮುಖ ನೋಡಿ ಮಾತಾಡಲು ಹೋದರೆ ಬಾಯಿ ತೆರೆದ ಮುಖವೇ ನಿಲ್ಲುತ್ತದಂತೆ. ಕೋಣೆಯ ಗೆಳತಿಯರು ಮಳೆಯನ್ನು ಬಯ್ಯುತ್ತಿದ್ದರಂತೆ. ‘ಮಳೀದಲ್ರಿ ಸರ, ಇಲ್ಲೂ ಯುಡಿಪಿ ಮುಚ್ಯಾರ’ ಎಂದಳು. ತಾನೇ ವಾರ್ಡನ್ನರಿಗೆ ಅರ್ಜಿ ಬರೆದಿದ್ದಳು. ಯಾವ ಕಿಂಡಿ, ಯಾವ ರಿವಾಜು, ಒಳಗಿನಿಂದ ಹೊರಕ್ಕೆ ಮಾತ್ರ, ಸಂಜೆ ಏಳರಿಂದ ಒಂಬತ್ತರ ತನಕ, ನಾಲ್ಕೇ ಸಾಲು. ಫೋನಿನಲ್ಲಿ ಓದಿ ತೋರಿಸಿದಳು. ತಿದ್ದುವಂಥದೇನೂ ನನಗೆ ಕಾಣಲಿಲ್ಲ. ಅರ್ಜಿ ವಿಚಾರಣೆಯಲ್ಲಿದೆಯಂತೆ, ಅಲ್ಲಿಯ ತನಕ ಅವಳು ಸಂಜೆ ಅಂಗಳಕ್ಕೆ ಬರುತ್ತಾಳೆ, ಇಲ್ಲಿ ಅವಳ ತಾಯಿ ಮಾಳಿಗೆ ಹತ್ತುತ್ತಾಳೆ.